ಬೆಳಕು, ಕತ್ತಲೆ ಮತ್ತು ಮನೆಮಂದಿಯ ನಿದ್ರೆ
(ಶಾಗ್ಯದ ರೈತ ಕುಟುಂಬಗಳಿಗಾಗಿ ಸಿದ್ಧಪಡಿಸಿದ ಭಾಷಣ)



ಬೆಳಕು ಮತ್ತು ಕತ್ತಲೆಯ ಪ್ರಭಾವವನ್ನು ರೇಷ್ಮೆ ಬೆಳೆಗಾರರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಒಡೆಯುವುದಕ್ಕೆ ಒಂದೆರಡು ದಿನ ಮುಂಚೆ ಮೊಟ್ಟೆಗಳು ನೀಲಿ ಬಣ್ಣಕ್ಕೆ ತಿರುಗುತ್ತವೆ. ಆಗ ಅವುಗಳನ್ನು ಕಪ್ಪು ಕಾಗದದಲ್ಲಿ ಮುಚ್ಚಿಟ್ಟು, ಮರಿಯಾಗುವ ದಿನ ಬೆಳಗ್ಗೆ ಬೆಳಕಿಗೆ ತೆರೆದರೆ ಮರಿಗಳು ಹೆಚ್ಚುಕಡಿಮೆ ಒಟ್ಟಿಗೆ ಹೊರಬರುತ್ತವೆ. ಸೇವಂತಿಗೆ ತೋಟದಲ್ಲಿ ರಾತ್ರಿ ಬಲ್ಬು ಉರಿಸಿದರೆ ಹೂ ತಡವಾಗುತ್ತದೆ. ಮೊಟ್ಟೆ ಕೋಳಿಗಳಿಗೆ ದಿನಕ್ಕೆ ಸುಮಾರು 16 ಗಂಟೆ ಬೆಳಕು ಕೊಡುವುದೂ ಇದೇ ಕಾರಣಕ್ಕೆ. ಮನುಷ್ಯನ ದೇಹವೂ ಈ ನಿಯಮಕ್ಕೆ ಒಳಪಟ್ಟಿದೆ. ಆದರೆ ಹುಳುಮನೆಗೆ ಕೊಡುವ ಗಮನವನ್ನು ನಾವು ಮಲಗುವ ಮನೆಗೆ ಕೊಡುತ್ತಿಲ್ಲ.

ದೇಹದ ಗಡಿಯಾರ

ಮಿದುಳಿನಲ್ಲಿ ನಿದ್ರೆ, ಎಚ್ಚರ, ಹಸಿವು, ಮೈಬಿಸಿ ಇವುಗಳನ್ನು ಹೊತ್ತಿಗೆ ಸರಿಯಾಗಿ ನಡೆಸುವ ಒಂದು ಗಡಿಯಾರವಿದೆ. ಮಧುರೈ ಕಾಮರಾಜ ವಿಶ್ವವಿದ್ಯಾನಿಲಯದಲ್ಲಿ ವಿಜ್ಞಾನಿ ಎಂ.ಕೆ. ಚಂದ್ರಶೇಖರನ್ ಅವರು ಸೂರ್ಯನ ಬೆಳಕಾಗಲಿ ಗಡಿಯಾರವಾಗಲಿ ಇಲ್ಲದ ಕೋಣೆಯಲ್ಲಿ ಸ್ವಯಂಸೇವಕರನ್ನು ಇರಿಸಿ ಇದನ್ನು ಅಭ್ಯಸಿಸಿದರು. ಈ ಗಡಿಯಾರ ಜೀವಕೋಶದೊಳಗೆ ನಡೆಯುವ ಬಗೆಯನ್ನು ಕಂಡುಹಿಡಿದ ಅಮೆರಿಕದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಬಹುಪಾಲು ಜನರಲ್ಲಿ ಈ ಗಡಿಯಾರದ ಸುತ್ತು 24 ಗಂಟೆಗಿಂತ ಸ್ವಲ್ಪ ಹೆಚ್ಚು. ಅದನ್ನು ದಿನವೂ ಸರಿಪಡಿಸುವುದು ಬೆಳಗಿನ ಬೆಳಕು. ಕತ್ತಲಾದ ಮೇಲೆ ಮಿದುಳಿನ ಒಂದು ಚಿಕ್ಕ ಗ್ರಂಥಿಯಿಂದ ಮೆಲಟೋನಿನ್ ಎಂಬ ರಸ ಹೊರಟು ದೇಹಕ್ಕೆ ರಾತ್ರಿಯಾಯಿತೆಂದು ತಿಳಿಸುತ್ತದೆ. ರಾತ್ರಿಯಲ್ಲಿ ಬೆಳಕು, ಅದರಲ್ಲಿಯೂ ಎಲ್‌ಇಡಿ ಬಲ್ಬು ಮತ್ತು ಮೊಬೈಲಿನ ನೀಲಿಮಿಶ್ರಿತ ಬಿಳಿ ಬೆಳಕು, ಕಣ್ಣಿಗೆ ಬಿದ್ದರೆ ಈ ರಸ ಕಡಿಮೆಯಾಗುತ್ತದೆ.

ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ನಡುಹಗಲಿನ ಹೊಲದಲ್ಲಿ ಸುಮಾರು 1 ಲಕ್ಷ ಲಕ್ಸ್ ಬೆಳಕಿದ್ದರೆ ದೀಪ ಹಚ್ಚಿದ ಮನೆಯೊಳಗೆ ಕೆಲವು ನೂರು ಲಕ್ಸ್ ಇರುವುದೇ ಹೆಚ್ಚು. ಆದ್ದರಿಂದ ಹಗಲೆಲ್ಲ ಒಳಗಿದ್ದು ರಾತ್ರಿ ದೀಪದ ಕೆಳಗೆ ಕೂರುವವರ ದೇಹಕ್ಕೆ ಹಗಲು ಯಾವುದು, ರಾತ್ರಿ ಯಾವುದು ಎಂಬುದು ಸ್ಪಷ್ಟವಾಗುವುದಿಲ್ಲ.

ವಯಸ್ಸಿಗೆ ತಕ್ಕ ನಿದ್ರೆ

ಎಳೆಗೂಸು: ದಿನಕ್ಕೆ 14ರಿಂದ 17 ಗಂಟೆ ಬಿಟ್ಟುಬಿಟ್ಟು ಮಲಗುತ್ತದೆ. ಗಡಿಯಾರ ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಕೆಲವು ಮನೆಗಳಲ್ಲಿ ಬಾಣಂತಿ ಕೋಣೆಯನ್ನು ಹಗಲೆಲ್ಲ ಕತ್ತಲೆ ಮಾಡಿ, ರಾತ್ರಿಯೆಲ್ಲ ದೀಪ ಉರಿಸುತ್ತಾರೆ. ಇದು ತಲೆಕೆಳಗಾದ ಕ್ರಮ. ಹಗಲು ಕಿಟಕಿ ತೆರೆದಿರಲಿ. ರಾತ್ರಿ ಹಾಲೂಡಿಸಲು ಮಂದ ದೀಪ ಸಾಕು.

ಶಾಲೆಯ ಮಕ್ಕಳು: 9ರಿಂದ 11 ಗಂಟೆ ನಿದ್ರೆ ಬೇಕು. ಹರೆಯದಲ್ಲಿ ಗಡಿಯಾರವೇ ಸ್ವಲ್ಪ ಹಿಂದೆ ಬೀಳುವುದರಿಂದ ಅವರಿಗೆ ಬೇಗ ನಿದ್ರೆ ಬಾರದು. ಅವರನ್ನು ಸೋಮಾರಿಗಳೆಂದು ಬೈಯುವುದು ತಪ್ಪು. ಆದರೆ ಹಾಸಿಗೆಯಲ್ಲಿ ಮೊಬೈಲ್ ಇದ್ದರೆ ನಿದ್ರೆ ಇನ್ನೂ ತಡವಾಗುತ್ತದೆ.

ದುಡಿಯುವವರು: ಕನಿಷ್ಠ 7 ಗಂಟೆ ನಿದ್ರೆ ಬೇಕು. ನಿದ್ರೆಗೆಟ್ಟು ಟ್ರ್ಯಾಕ್ಟರ್ ನಡೆಸುವುದು, ಮೋಟರಿನ ಸ್ವಿಚ್ಚಿಗೆ ಕೈ ಹಾಕುವುದು ಅಪಾಯಕರ.

ವೃದ್ಧರು: ಕಣ್ಣಿನ ಮಸೂರ ಹಳದಿಗಟ್ಟುವುದರಿಂದಲೂ ಪೊರೆ ಬರುವುದರಿಂದಲೂ ಬೆಳಕು ಸರಿಯಾಗಿ ಒಳಹೋಗುವುದಿಲ್ಲ. ಮೂಲೆಯ ಕೋಣೆಯಲ್ಲೇ ಕುಳಿತರೆ ಹಗಲು ತೂಕಡಿಕೆ, ರಾತ್ರಿ ಎಚ್ಚರ. ಬೆಳಗ್ಗೆ ಅರ್ಧ ಗಂಟೆ ಜಗಲಿಯ ಬೆಳಕಿನಲ್ಲಿ ಕುಳ್ಳಿರಿಸಿದರೆ ಅವರಿಗೆ ಅನುಕೂಲ.

ಕಾವಲು ಬಿಡಲಾಗದು, ನಿದ್ರೆಯನ್ನೂ ಬಿಡಲಾಗದು

ಹನೂರು ಸುತ್ತಿನ ಕಾಡಂಚಿನ ಊರುಗಳಲ್ಲಿ ಆನೆ, ಹಂದಿಗಳಿಂದ ಬೆಳೆ ಉಳಿಸಿಕೊಳ್ಳಲು ರಾತ್ರಿ ಕಾವಲು ಅನಿವಾರ್ಯ. ನಾಲ್ಕನೇ ಜ್ವರ ಎದ್ದ ಹುಳುಗಳಿಗೆ ತಡರಾತ್ರಿಯೂ ಸೊಪ್ಪು ಹಾಕಬೇಕು. ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ನೀರು ಹಾಯಿಸಲೇಬೇಕು. "ಬೇಗ ಮಲಗಿ" ಎಂದರೆ ಇವರಿಗೆ ಉಪಯೋಗವಿಲ್ಲ. ಸಾಧ್ಯವಾದುದು ಇಷ್ಟು:

1. ಕಾವಲನ್ನು ಇಬ್ಬರು ಹಂಚಿಕೊಳ್ಳಿ. ಮುಂಜಾವದವರೆಗೆ ಒಬ್ಬನೇ ಕೂರುವುದು ಬೇಡ. ಆದಷ್ಟು ದಿನವೂ ಅದೇ ಹೊತ್ತಿನ ಪಾಳಿ ಇಟ್ಟುಕೊಂಡರೆ ದಿನಕ್ಕೆ ನಾಲ್ಕು ಗಂಟೆಯಾದರೂ ಒಂದೇ ಹೊತ್ತಿನ ನಿದ್ರೆ ದೊರೆಯುತ್ತದೆ.

2. ಕಾವಲಿಗೆ ಹೋಗುವ ದಿನ ಮಧ್ಯಾಹ್ನ ಸ್ವಲ್ಪ ಮಲಗಿ. ನಡುರಾತ್ರಿ ಕಳೆದ ಮೇಲೆ ಕಾಫಿ, ಟೀ ಬೇಡ.

3. ಬೆಳಗ್ಗೆ ಬಂದು ಮಲಗುವವರಿಗೆ ಕತ್ತಲೆಯ, ಗಾಳಿಯಾಡುವ ಕೋಣೆ ಬಿಟ್ಟುಕೊಡಿ. ದಪ್ಪ ಗೋಣಿ ಪರದೆಯಾದರೂ ಸರಿ. ಟಿ.ವಿ. ಶಬ್ದ ತಗ್ಗಿಸಿ.

4. ಮಲಗುವ ಒಂದು ಗಂಟೆ ಮುಂಚೆ ಬಿಳಿ ದೀಪ ಆರಿಸಿ ಹಳದಿಯ ಮಂದ ದೀಪ ಹಚ್ಚಿ. ವೃದ್ಧರು ರಾತ್ರಿ ಎದ್ದಾಗ ಎಡವದಂತೆ ನೆಲದ ಹತ್ತಿರ ಚಿಕ್ಕ ದೀಪವಿರಲಿ.

5. ಶೀಟಿನ ಮನೆಯಲ್ಲಿ ಸೆಕೆಯೂ ನಿದ್ರೆ ಕೆಡಿಸುತ್ತದೆ. ಮಾಡಿನ ಮೇಲೆ ತೆಂಗಿನ ಗರಿ ಹೊದಿಸಿ, ಸೊಳ್ಳೆಪರದೆ ಕಟ್ಟಿ.

6. ಅನುಕೂಲವಿದ್ದವರು ಹುಳುಮನೆಯನ್ನು ವಾಸದ ಮನೆಯಿಂದ ಬೇರೆಯಾಗಿ ಕಟ್ಟುವುದು ಒಳ್ಳೆಯದು. ಹುಳುಗಳಿಗೆ ರೋಗ ತಗಲುವುದು ಕಡಿಮೆಯಾಗುತ್ತದೆ, ಮಕ್ಕಳಿಗೂ ನಿದ್ರೆ ಸಿಗುತ್ತದೆ.

ತಿಂಗಳುಗಟ್ಟಲೆ ನಿದ್ರೆ ಬಾರದಿದ್ದರೆ, ಗೊರಕೆಯ ನಡುವೆ ಉಸಿರು ನಿಂತಂತಾದರೆ, ಮನಸ್ಸು ಸದಾ ಕುಗ್ಗಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಬೇಕು. ಅಂಗಡಿಯಿಂದ ನಿದ್ರೆ ಮಾತ್ರೆ ತಂದು ನುಂಗಬಾರದು.

ವಿಸ್ತರಣಾ ಕಾರ್ಯಕರ್ತರು ಹೊಲದ ಭೇಟಿಯಲ್ಲಿ ಬೆಳೆಯ ಜೊತೆಗೆ ಮನೆಯವರ ನಿದ್ರೆಯನ್ನೂ ವಿಚಾರಿಸಬೇಕು. ಮುಂದಿನ ಬೆಳೆಯ ಕಾವಲಿಗೆ ಸರದಿ ಗೊತ್ತುಮಾಡುವಾಗ ಯಾರು ಯಾವಾಗ ಮಲಗಬೇಕೆಂಬುದನ್ನೂ ಊರವರು ಕೂಡಿ ಅಂದೇ ಗೊತ್ತುಮಾಡಿಕೊಳ್ಳಲಿ.