ಕಾರಿನ ವೀಲ್ ನಟ್: ಬಿಚ್ಚೋದು, ಆರಿಸೋದು, ಬಿಗಿಯೋದು



ಹಬ್ಬಕ್ಕೆ ಊರಿಗೆ ಹೊರಡೋ ಕಾಲ. ಪುಣೆಯಿಂದ ಹುಬ್ಬಳ್ಳಿಗೆ, ಹೈದರಾಬಾದಿನಿಂದ ರಾಯಚೂರಿಗೆ, ಚೆನ್ನೈಯಿಂದ ಬೆಂಗಳೂರು ದಾಟಿ ಹಾಸನಕ್ಕೆ. ಹೊರಡೋ ಮುಂಚೆ ಟೈರಿಗೆ ಗಾಳಿ ಹಾಕಿಸ್ತೀವಿ, ಆಯಿಲ್ ನೋಡ್ತೀವಿ, ಫಾಸ್ಟ್‌ಟ್ಯಾಗ್ ಬ್ಯಾಲೆನ್ಸ್ ಅಂತೂ ಎರಡು ಸಲ ನೋಡ್ತೀವಿ. ವೀಲ್ ನಟ್ ಕಡೆಗೆ ಯಾರ ಕಣ್ಣೂ ಹೋಗಲ್ಲ. ಅದು ಟೈರ್ ಅಂಗಡಿಯವನ ಕೆಲಸ ಅಂತ ಬಿಟ್ಟುಬಿಟ್ಟಿದ್ದೀವಿ.

ಆ ನಟ್ ಎರಡು ರೀತಿಯಲ್ಲಿ ಕೈ ಕೊಡುತ್ತೆ. ಸಡಿಲವಾದರೆ ಹೈವೇಯಲ್ಲಿ ಗಾಲಿ ಅಲ್ಲಾಡೋಕೆ ಶುರು. ಇದು ಎಲ್ಲರಿಗೂ ಗೊತ್ತು. ಇನ್ನೊಂದು, ಅತಿಯಾಗಿ ಬಿಗಿಯೋದು. ರಾತ್ರಿ ಹನ್ನೊಂದು ಗಂಟೆ, ನಿಪ್ಪಾಣಿ ಹತ್ತಿರ ಪಂಕ್ಚರ್, ಹಿಂದಿನ ಸೀಟಿನಲ್ಲಿ ಅಪ್ಪ-ಅಮ್ಮ, ಮಗು. ಸ್ಟೆಪ್ನಿ ಇದೆ, ಜಾಕ್ ಇದೆ, ಸ್ಪ್ಯಾನರ್ ಇದೆ. ನಟ್ ಮಾತ್ರ ಬಿಚ್ಚಲ್ಲ. ಅಂಗಡಿಯಲ್ಲಿ ಗನ್ ಹಿಡಿದು ಬಿಗಿದಿರೋದನ್ನ ಡಿಕ್ಕಿಯಲ್ಲಿರೋ ಒಂದು ಗೇಣಿನ ಸ್ಪ್ಯಾನರ್ ಹೇಗೆ ಬಿಚ್ಚೀತು?

ಮೊದಲು ಈ ನಟ್ ಮಾಡೋ ಕೆಲಸ ಏನು ಅಂತ ನೋಡೋಣ. ಅದು ಗೊತ್ತಾದರೆ ಮುಂದಿನದ್ದು ಬಾಯಿಪಾಠ ಮಾಡಬೇಕಾಗಿಲ್ಲ. ಕಾರಿನ ಭಾರವನ್ನೆಲ್ಲ ಆ ನಾಲ್ಕೈದು ಸ್ಟಡ್‌ಗಳೇ ಹೊತ್ತಿವೆ ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಹಾಗಲ್ಲ. ನಟ್ ಬಿಗಿದಾಗ ಸ್ಟಡ್ ಕಣ್ಣಿಗೆ ಕಾಣದಷ್ಟು ಎಳೆದುಕೊಳ್ಳುತ್ತೆ, ಎಳೆದ ರಬ್ಬರ್ ಬ್ಯಾಂಡ್ ತರ. ಆ ಎಳೆತ ಗಾಲಿಯನ್ನ ಹಬ್‌ಗೆ ಒತ್ತಿ ಹಿಡಿಯುತ್ತೆ. ಬ್ರೇಕ್ ಹಾಕಿದಾಗ, ಗುಂಡಿಗೆ ಬಿದ್ದಾಗ ಗಾಲಿ ಜಾರದೆ ಇರೋದು ಮುಖ್ಯವಾಗಿ ಆ ಎರಡು ಲೋಹದ ಮುಖಗಳ ನಡುವಿನ ಘರ್ಷಣೆಯಿಂದ. ಒತ್ತಡ ಕಮ್ಮಿ ಆದರೆ ಗಾಲಿ ಸ್ವಲ್ಪ ಸ್ವಲ್ಪ ಜಾರುತ್ತೆ, ಆಮೇಲೆ ಸ್ಟಡ್ ಬಾಗಿ ಬಾಗಿ ಮುರಿಯುತ್ತೆ. ಒತ್ತಡ ವಿಪರೀತ ಆದರೆ ಸ್ಟಡ್ ರಬ್ಬರ್ ಬ್ಯಾಂಡಿನಂತೆ ವಾಪಸ್ ಬರಲ್ಲ, ಎಳೆದುಕೊಂಡೇ ಉಳಿಯುತ್ತೆ. ಆಗ ಅದರ ಹಿಡಿತ ಹೋಯ್ತು ಅಂತಲೇ ಲೆಕ್ಕ.

ಈಗ ಹೊಸ ನಟ್ ಆರಿಸೋ ವಿಷಯ. ಒಂದು ನಟ್ ಕಳೆದುಹೋಗಿರಬಹುದು, ಮೂಲೆ ಸವೆದಿರಬಹುದು, ಅಥವಾ ಹೊಸ ಅಲಾಯ್ ಹಾಕಿಸ್ತಿರಬಹುದು. ಅಂಗಡಿಯವನು ಡಬ್ಬಿಯಲ್ಲಿ ಕೈಯಾಡಿಸಿ ಒಂದು ತೆಗೆದುಕೊಡ್ತಾನೆ, ನೋಡೋಕೆ ಹಾಗೇ ಇರುತ್ತೆ. ಮೋಸ ಹೋಗೋದು ಇಲ್ಲೇ.

ಥ್ರೆಡ್ ನೋಡಿ. ಮಾರುತಿ ಸ್ವಿಫ್ಟ್‌ನದ್ದು 12 ಮಿ.ಮೀ. ದಪ್ಪ, 1.25 ಪಿಚ್. ಹ್ಯುಂಡೈ ಕ್ರೆಟಾದ್ದು, ಹೋಂಡಾ ಸಿಟಿಯದ್ದು ಕೂಡ 12 ಮಿ.ಮೀ., ಆದರೆ ಪಿಚ್ 1.5. ಪಿಚ್ ಅಂದರೆ ಒಂದು ಸುತ್ತಿಗೆ ನಟ್ ಎಷ್ಟು ಮಿಲಿಮೀಟರ್ ಮುಂದೆ ಹೋಗುತ್ತೆ ಅನ್ನೋದು. ಕಾಲು ಮಿಲಿಮೀಟರ್ ವ್ಯತ್ಯಾಸ, ಕಣ್ಣಿಗೆ ಕಾಣಲ್ಲ. ಆದರೆ ಬೆರಳಿಗೆ ಗೊತ್ತಾಗುತ್ತೆ. ತಪ್ಪು ನಟ್ ಒಂದೆರಡು ಸುತ್ತು ಹೋಗಿ ಹಿಡಿದುಕೊಳ್ಳುತ್ತೆ. ಆಗ "ಸ್ವಲ್ಪ ಟೈಟ್ ಇದೆ" ಅಂತ ಗನ್ ಹಚ್ಚಿದರೆ ನಟ್ ಒಳಗೆ ಹೋಗೇ ಹೋಗುತ್ತೆ, ಸ್ಟಡ್‌ನ ಥ್ರೆಡ್ಡನ್ನು ಕೆತ್ತಿಕೊಂಡು. ಅದಕ್ಕೇ ನಟ್ ಯಾವಾಗಲೂ ಬೆರಳಿನಲ್ಲೇ ಪೂರ್ತಿ ಓಡಬೇಕು. ಓಡೋವಾಗ ಸುತ್ತು ಎಣಿಸಿ. ಸ್ಟಡ್ ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದ ಹಿಡಿತ ಸಿಗಬೇಕು. ಲೆಕ್ಕ ಸುಲಭ: 12 ಮಿ.ಮೀ. ಹಿಡಿತಕ್ಕೆ 1.5 ಪಿಚ್ ಇದ್ದರೆ 8 ಸುತ್ತು, 1.25 ಇದ್ದರೆ ಸುಮಾರು 10. ಮೂರ್ನಾಲ್ಕು ಸುತ್ತಿಗೇ ನಟ್ ತಳ ಮುಟ್ಟಿತು ಅಂದರೆ ಆ ಅಲಾಯ್‌ಗೆ ಆ ನಟ್ ಸಲ್ಲ.

ಥ್ರೆಡ್‌ಗಿಂತಲೂ ಹೆಚ್ಚಾಗಿ ತಪ್ಪೋದು ನಟ್‌ನ ಮೂತಿಯಲ್ಲಿ, ಅಂದರೆ ಗಾಲಿಗೆ ತಾಗೋ ಭಾಗದಲ್ಲಿ. ಕೆಲವದ್ದು ಗಾಣದ ಆಲಿಕೆಯ ಹಾಗೆ ಇಳಿಜಾರು, ಶಂಕುವಿನ ಆಕಾರ. ಕೆಲವದ್ದು ಗೋಲಿಯ ಹಾಗೆ ದುಂಡಗೆ. ಇನ್ನು ಕೆಲವಕ್ಕೆ ವಾಷರ್ ಇರೋ ಚಪ್ಪಟೆ ಮೂತಿ. ಹೋಂಡಾದವರ ಕಂಪನಿ ಅಲಾಯ್‌ಗೆ ಬರೋದು ದುಂಡು ಮೂತಿಯ ನಟ್. ಹೊರಗಡೆ ಸಿಗೋ ಅಲಾಯ್‌ಗಳಲ್ಲಿ ಹೆಚ್ಚಿನವು ಶಂಕುವಿನ ಮೂತಿಗೆ ಮಾಡಿದ್ದು. ಹೊಸ ಅಲಾಯ್ ಹಾಕಿಸಿ ನಟ್ ಮಾತ್ರ ಹಳೇದೇ ಉಳಿಸಿಕೊಂಡರೆ, ದುಂಡು ಮೂತಿ ಇಳಿಜಾರಿನ ಗುಳಿಯಲ್ಲಿ ಕೂರುತ್ತೆ. ಪೂರ್ತಿ ಮುಖ ತಾಗೋ ಬದಲು ಬಳೆಯಷ್ಟು ತೆಳ್ಳಗಿನ ಒಂದು ಗೆರೆ ತಾಗುತ್ತೆ. ಬಿಗಿಯೋವಾಗ ಗಟ್ಟಿಯಾಗಿಯೇ ಇದೆ ಅನ್ನಿಸುತ್ತೆ. ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಆ ಗೆರೆ ಅಲ್ಯೂಮಿನಿಯಂನಲ್ಲಿ ಕುಸಿದು ಬಿಗಿ ಹೋಗುತ್ತೆ. ಅಲಾಯ್ ಕೊಳ್ಳೋರು ನಟ್ ಸೆಟ್ಟಿಗೂ ದುಡ್ಡು ಕೊಡಿ. ಹಳೆ ನಟ್‌ಗಳನ್ನ ಮಾತ್ರ ಎಸೀಬೇಡಿ, ಸ್ಟೆಪ್ನಿ ಕಂಪನಿಯದ್ದೇ ಆಗಿದ್ದರೆ ಅದಕ್ಕೆ ಬೇಕಾಗಬಹುದು.

ಫೋಕ್ಸ್‌ವ್ಯಾಗನ್, ಸ್ಕೋಡಾ ಇರೋರಿಗೆ ಒಂದು ಮಾತು. ನಿಮ್ಮದು ನಟ್ ಅಲ್ಲ, ಬೋಲ್ಟ್, ನೇರ ಹಬ್ ಒಳಗೇ ಹೋಗುತ್ತೆ. ಮೂತಿಯ ಜೊತೆ ಉದ್ದವನ್ನೂ ನೋಡಬೇಕು. ಗಿಡ್ಡ ಆದರೆ ಹಿಡಿತ ಸಾಲದು, ಉದ್ದ ಆದರೆ ಹಿಂದಿರೋ ಭಾಗಕ್ಕೆ ತಾಗಬಹುದು.

ಥಳಥಳ ಹೊಳೆಯೋ ನಟ್‌ಗಳ ಬಗ್ಗೆ ನನಗೆ ಪ್ರೀತಿ ಇಲ್ಲ. ಕೆಲವು ಒಳಗೆ ಉಕ್ಕು, ಮೇಲೆ ತೆಳು ತಗಡಿನ ಟೋಪಿ. ಮಧ್ಯೆ ನೀರು ಇಳಿದು ತುಕ್ಕು ಹಿಡಿದರೆ ಟೋಪಿ ಉಬ್ಬುತ್ತೆ, 19ರ ಸ್ಪ್ಯಾನರ್ ಕೂರಲ್ಲ, 20 ಹಾಕಿದರೆ ಜಾರುತ್ತೆ. ಮುಂಬೈ, ಚೆನ್ನೈಯ ಉಪ್ಪು ಗಾಳಿಯಲ್ಲಿ ಇದು ಬೇಗ ಆಗುತ್ತೆ. ಒಂದೇ ಲೋಹದಲ್ಲಿ ಮಾಡಿದ ನಟ್ ತಗೊಳ್ಳಿ. ಲಾಕ್ ನಟ್ ಹಾಕಿಸಿದ್ದರೆ ಅದರ ಕೀ ಮನೆಯ ಬೀರುವಿನಲ್ಲಿ ಭದ್ರವಾಗಿರೋದು ಬೇಡ, ಕಾರಿನಲ್ಲಿ ಜಾಕ್ ಜೊತೆ ಇರಲಿ.

ಬಿಚ್ಚೋದಕ್ಕೆ ಬರೋಣ. ಸಮತಟ್ಟಾದ ಗಟ್ಟಿ ನೆಲ, ಹ್ಯಾಂಡ್‌ಬ್ರೇಕ್, ಗಾಡಿ ಗೇರಿನಲ್ಲಿ, ಎದುರು ಮೂಲೆಯ ಗಾಲಿಗೆ ಕಲ್ಲು. ಗಾಲಿ ನೆಲದ ಮೇಲಿರೋವಾಗಲೇ ಪ್ರತಿ ನಟ್ ಕಾಲು ಸುತ್ತು, ಅರ್ಧ ಸುತ್ತು ಸಡಿಲ ಮಾಡಿ, ಆಮೇಲೆ ಜಾಕ್ ಏರಿಸಿ. ಮೇಲೆತ್ತಿದ ಕಾರಿನಲ್ಲಿ ನಟ್ ಜೊತೆ ಗುದ್ದಾಡಿದರೆ ಕಾರು ಜಾಕ್‌ನಿಂದ ಜಾರಬಹುದು. ಜಾಕ್ ಮೇಲಿರೋ ಕಾರಿನ ಕೆಳಗೆ ಕೈ, ಕಾಲು ಯಾವುದೂ ಬೇಡ.

ತುಕ್ಕು ಹಿಡಿದಿದ್ದರೆ ಡಬ್ಲ್ಯೂಡಿ-40 ಹೊಡೆದು ಹದಿನೈದು ನಿಮಿಷ ಬಿಡಿ. ಸ್ಪ್ಯಾನರ್ ಪೂರ್ತಿ ಒಳಗೆ ಕೂತಿದೆಯಾ ನೋಡಿ, ಅರ್ಧ ಕೂತಿದ್ದಾಗ ಬಲ ಹಾಕಿದರೆ ಮೂಲೆ ಹೋಗುತ್ತೆ. ಎರಡಡಿ ಕಬ್ಬಿಣದ ಪೈಪ್ ಒಂದು ಡಿಕ್ಕಿಯಲ್ಲಿ ಇಟ್ಟುಕೊಳ್ಳಿ, ಸ್ಪ್ಯಾನರ್ ಹಿಡಿಗೆ ತೂರಿಸಿದರೆ ತೆಳ್ಳಗಿರೋ ಹುಡುಗಿಯೂ ಬಿಚ್ಚಬಹುದು. ಆದರೆ ಆ ಪೈಪ್ ಬಿಚ್ಚೋಕೆ ಮಾತ್ರ, ಬಿಗಿಯೋಕೆ ಅಲ್ಲ.

ವಾಪಸ್ ಹಾಕೋವಾಗ ಹಬ್‌ನ ಮುಖ, ಗಾಲಿಯ ಹಿಂಬದಿ ಎರಡನ್ನೂ ವೈರ್ ಬ್ರಷ್‌ನಿಂದ ಉಜ್ಜಿ. ತುಕ್ಕಿನ ಪದರ ಮಧ್ಯೆ ಉಳಿದರೆ ಓಡೋವಾಗ ಅದು ಪುಡಿಯಾಗಿ ನಟ್ ಸಡಿಲ ಆಗುತ್ತೆ. ಥ್ರೆಡ್‌ಗೆ ಎಣ್ಣೆ, ಗ್ರೀಸ್ ಹಚ್ಚಬೇಡಿ, ಬಿಚ್ಚೋಕೆ ಹೊಡೆದ ಎಣ್ಣೆಯನ್ನೂ ಒರೆಸಿಬಿಡಿ. ಇದು ಕೇಳಿದವರಿಗೆ ಆಶ್ಚರ್ಯ ಆಗುತ್ತೆ. ಕಂಪನಿ ಹೇಳೋ ಟಾರ್ಕ್ ಸಾಮಾನ್ಯವಾಗಿ ಒಣ ಥ್ರೆಡ್‌ನ ಲೆಕ್ಕ. ಎಣ್ಣೆ ಇದ್ದರೆ ಅದೇ ಬಲಕ್ಕೆ ಸ್ಟಡ್ ಇನ್ನೂ ಜಾಸ್ತಿ ಎಳೆದುಕೊಳ್ಳುತ್ತೆ.

ಎಲ್ಲಾ ನಟ್ ಬೆರಳಲ್ಲಿ ಕೂರಿಸಿ, ಸ್ಪ್ಯಾನರ್‌ನಿಂದ ಹಗುರವಾಗಿ ಬಿಗಿದು, ಟೈರ್ ನೆಲಕ್ಕೆ ತಾಗುವಷ್ಟು ಇಳಿಸಿ. ಆಮೇಲೆ ಎದುರಾ-ಬದುರಾ ಬಿಗಿಯಿರಿ, ಐದು ಇದ್ದರೆ ನಕ್ಷತ್ರ ಬರೆದ ಹಾಗೆ. ಸಾಲಾಗಿ ಪಕ್ಕಪಕ್ಕದ್ದು ಬಿಗಿದರೆ ಗಾಲಿ ಓರೆಯಾಗಿ ಕೂರುತ್ತೆ.

ಎಷ್ಟು ಬಿಗಿ? ನಿಮ್ಮ ಕಾರಿನ ಮ್ಯಾನ್ಯುಯಲ್‌ನಲ್ಲಿ ಇದೆ. ಹೋಂಡಾ ಸಿಟಿಗೆ 108 ನ್ಯೂಟನ್ ಮೀಟರ್, ಪೋಲೋಗೆ 120. ಸುಮಾರು ನೂರು ಅಂದ್ಕೊಳ್ಳಿ. ಸ್ಪ್ಯಾನರ್ 25 ಸೆಂ.ಮೀ. ಉದ್ದ ಇದ್ದರೆ ಅದರ ತುದಿಯಲ್ಲಿ 40 ಕಿಲೋ ಭಾರ ಹಾಕಿದ ಹಾಗೆ. ಎಪ್ಪತ್ತು ಕಿಲೋ ಮನುಷ್ಯ ಅದರ ಮೇಲೆ ಹತ್ತಿ ನಿಂತರೆ 170 ದಾಟುತ್ತೆ, ಕುಣಿದರೆ ಇನ್ನೂ ಹೆಚ್ಚು. ಗನ್‌ನದ್ದಂತೂ ಹೇಳೋದೇ ಬೇಡ. ಒಂದು ಟಾರ್ಕ್ ರೆಂಚ್ ಇದ್ದರೆ ಈ ಊಹೆ ಬೇಕಿಲ್ಲ, ಸಂಖ್ಯೆ ಇಟ್ಟು ಎಳೆದರೆ 'ಟಕ್' ಅನ್ನುತ್ತೆ, ನಿಲ್ಲಿಸಬೇಕು. ಸೊಸೈಟಿಯಲ್ಲಿ ನಾಲ್ಕು ಮನೆಯವರು ಸೇರಿ ಒಂದು ಕೊಂಡರೂ ಸಾಕು. ಅದರಿಂದ ನಟ್ ಬಿಚ್ಚಬೇಡಿ, ಕೆಲಸ ಮುಗಿದ ಮೇಲೆ ಕನಿಷ್ಠ ಸಂಖ್ಯೆಗೆ ಇಳಿಸಿ ಇಡಿ.

ಅಂಗಡಿಯಲ್ಲೇ ಮಾಡಿಸೋದಾದರೆ ಕಾಫಿಗೆ ಹೋಗಬೇಡಿ, ಪಕ್ಕದಲ್ಲಿ ನಿಂತಿರಿ. ಪುಣೆಯಲ್ಲಾದರೆ "ಭೈಯ್ಯಾ, ಗನ್ ಮತ್ ಲಗಾನಾ, ಹಾತ್ ಸೇ ಟೈಟ್ ಕರೋ." ಹೈದರಾಬಾದಿನಲ್ಲಿ "ಅನ್ನಾ, ಗನ್ ವದ್ದು, ಚೇತ್ತೋ ಬಿಗಿಂಚು." ಅವನು ನಗಬಹುದು, ನಗಲಿ.

ಗಾಲಿ ಹಾಕಿಸಿ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಂದು ಸಲ ಬಿಗಿ ನೋಡಬೇಕು, ಹೊಸ ಅಲಾಯ್ ಆದರಂತೂ ತಪ್ಪಿಸಬಾರದು. ಮಧ್ಯೆ ಗಾಲಿಯಿಂದ ಟಕ್ ಟಕ್ ಸದ್ದು ಬಂದರೆ, ಹೊಸದಾಗಿ ನಡುಕ ಶುರುವಾದರೆ, ಮುಂದಿನ ಪೆಟ್ರೋಲ್ ಬಂಕ್ ಬರಲಿ ಅಂತ ಕಾಯದೆ ಪಕ್ಕಕ್ಕೆ ಹಾಕಿ. ಸಡಿಲವಾಗಿ ಓಡಿದ ಗಾಲಿಯನ್ನ ಬರೀ ಬಿಗಿದು ಹೊರಡಬೇಡಿ, ಸ್ಟಡ್ ಮತ್ತು ತೂತುಗಳನ್ನ ಮೆಕ್ಯಾನಿಕ್ ಹತ್ತಿರ ತೋರಿಸಿ. ಟೈರ್ ಕೆಲಸ ಇದ್ದರೆ ಹೊರಡೋ ಹಿಂದಿನ ಸಂಜೆ ಬೇಡ, ಒಂದು ವಾರ ಮೊದಲೇ ಮಾಡಿಸಿ, ಊರೊಳಗೇ ಆ ನೂರು ಕಿಲೋಮೀಟರ್ ಆಗಿಹೋಗುತ್ತೆ. ಆಗಿಲ್ಲ ಅಂದರೆ, ಪುಣೆಯಿಂದ ಹೊರಟವರಿಗೆ ಸಾತಾರಾ ಹೊತ್ತಿಗೆ ಅಷ್ಟಾಗಿರುತ್ತೆ. ಚಹಾ ಕುಡಿದು, ಗಾಲಿ ಆರಿದ ಮೇಲೆ, ನಾಲ್ಕೂ ಕಡೆ ಒಂದು ಸುತ್ತು ಹಾಕಿ ಬನ್ನಿ.