ಮಾಗಿಯ ಕೊನೆಯಲ್ಲಿ ಮಾವಿನ ತೋಪಿನ ಕೆಲಸ



ಸಂಕ್ರಾಂತಿ ಕಳೆಯಿತು. ಎಳ್ಳುಬೆಲ್ಲ ಹಂಚಿಯಾಯಿತು. ಕಣದ ಕೆಲಸವೂ ಮುಗಿಯುತ್ತ ಬಂತು. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಓಡುವ ತನಕ ಸ್ವಲ್ಪ ಕಾಲು ಚಾಚೋಣ ಅಂತೀರಾ? ನಾಲ್ಕು ಮಾವಿನ ಮರ ಇದ್ದವರು ಹಾಗೆ ಕೂರುವಂತಿಲ್ಲ. ಶ್ರೀನಿವಾಸಪುರದ ತೋಪಾಗಲಿ, ಧಾರವಾಡದ ಆಪೂಸಿನ ತೋಟವಾಗಲಿ, ಬೇಸಿಗೆಯ ಹಣ್ಣಿನ ಲೆಕ್ಕ ಈ ಹೂವಿನ ಕಾಲದಲ್ಲೇ ತೀರ್ಮಾನವಾಗುತ್ತದೆ.

ಮೊದಲು ನೀರಿನ ಮಾತು. ಫಲ ಕೊಡುವ ಮರಕ್ಕೆ ಹೂ ಬರುವ ಮುಂಚೆ ನೀರು ಹಾಯಿಸಿದರೆ ಹೂವಿನ ಬದಲು ಚಿಗುರು ಹೊರಡುತ್ತದೆ. ಕಾಯಿ ಬಟಾಣಿ ಕಾಳಿನಷ್ಟಾದ ಮೇಲೆ, ಸೌಕರ್ಯ ಇದ್ದವರು 10-15 ದಿನಕ್ಕೊಮ್ಮೆ ನೀರು ಕೊಡಿ. ಹೂ ಇರುವಾಗ ಮರದ ಕೆಳಗೆ ಆಳವಾಗಿ ಉಳಬೇಡಿ, ಬೇರು ಹರಿಯುತ್ತದೆ.

ಎರಡನೆಯದು ಜಿಗಿಹುಳು. ಮರದ ಕೆಳಗೆ ನಿಂತು ಹೂಗೊಂಚಲನ್ನು ಅಲುಗಿಸಿ ನೋಡಿ. ಚಿಕ್ಕ ಹುಳುಗಳು ಚಟಪಟ ಹಾರಿದರೆ, ಎಲೆ ಮುಟ್ಟಿದಾಗ ಕೈಗೆ ಅಂಟು ಹತ್ತಿದರೆ, ಹುಳು ಸೇರಿತೆಂದೇ ತಿಳಿಯಿರಿ. ಅದು ರಸ ಹೀರಿದರೆ ಹೂ ಕರಕಾಗಿ ಉದುರುತ್ತದೆ. ಅಂಟಿನ ಮೇಲೆ ಕಾಡಿಗೆಯಂಥ ಬೂಷ್ಟು ಬೆಳೆಯುತ್ತದೆ. ಹುಳು ಕಡಿಮೆ ಇದ್ದಾಗ ಬೇವಿನ ಬೀಜದ ಕಷಾಯ ಸಾಕು. ಲೀಟರ್ ನೀರಿಗೆ 50 ಗ್ರಾಂ ಬೀಜದ ತಿರುಳನ್ನು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿ ನೆನೆಸಿ, ಹಿಂಡಿ, ಸೋಸಿ, ಚೂರು ಸೋಪು ಬೆರೆಸಿ. ಹುಳು ತೊಗಟೆಯ ಸಂದಿನಲ್ಲಿ ಅಡಗುವುದರಿಂದ ಕಾಂಡಕ್ಕೂ ಹೊಡೆಯಿರಿ. ಹಿಂದೆ ಇದಕ್ಕೆ ಡಿ.ಡಿ.ಟಿ. ಬಳಸುತ್ತಿದ್ದರು, 1989ರಲ್ಲಿ ಬೇಸಾಯಕ್ಕೆ ಅದರ ನಿಷೇಧವಾಯಿತು. ಹುಳು ಹೆಚ್ಚಾಗಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೋ ತೋಟಗಾರಿಕೆ ಇಲಾಖೆಯಲ್ಲಿಯೋ ಕೇಳಿಯೇ ಔಷಧಿ ತನ್ನಿ.

ಮೂರನೆಯದು ಬೂದಿ ರೋಗ. ರಾತ್ರಿ ಚಳಿ, ಮುಂಜಾನೆ ಇಬ್ಬನಿ ಇದ್ದಾಗ ಹೂವಿನ ಮೇಲೆ ಹಿಟ್ಟು ಚೆಲ್ಲಿದಂತೆ ಕಾಣುತ್ತದೆ. ನೀರಿನಲ್ಲಿ ಬೆರೆಯುವ ಗಂಧಕದ ಪುಡಿಯನ್ನು ಲೀಟರಿಗೆ 2 ಗ್ರಾಂ ಹಾಕಿ ಸಿಂಪಡಿಸಿ. ಉರಿಬಿಸಿಲಿನಲ್ಲಿ ಬೇಡ, ಎಲೆ ಸುಡುತ್ತದೆ.

ಯಾವ ಔಷಧಿಯೇ ಆಗಲಿ, ಗೊಂಚಲು ಹೊರಟಾಗ, ಹೂ ಅರಳುವ ಮೊದಲು ಹೊಡೆಯಿರಿ. ತುಂಬ ಅರಳಿದಾಗ ಹೊಡೆದರೆ ನೊಣ, ಜೇನು ಸಾಯುತ್ತವೆ. ಅವು ಬಾರದಿದ್ದರೆ ಕಾಯಿ ಕಚ್ಚುವುದೆಲ್ಲಿ? ಸಿಂಪಡಿಸುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಮಕ್ಕಳನ್ನು ದೂರವಿಡಿ.

ಇನ್ನೊಂದು ಮಾತು. ಹೂ ನೋಡಿಯೇ ತೋಟವನ್ನು ಗುತ್ತಿಗೆ ಕೊಡುವವರಿದ್ದೀರಿ. ಔಷಧಿ ಯಾರದು, ಕೂಲಿ ಯಾರದು ಎಂದು ಮೊದಲೇ ಬರೆಸಿಕೊಳ್ಳಿ. ಯಜಮಾನ ವ್ಯಾಪಾರಿಯನ್ನು, ವ್ಯಾಪಾರಿ ಯಜಮಾನನನ್ನು ಕಾಯುತ್ತ ಕೂತರೆ ಹುಳು ಇಬ್ಬರನ್ನೂ ಕಾಯುವುದಿಲ್ಲ.

ಹೊಸದಾಗಿ ನೆಟ್ಟ ಕಸಿ ಗಿಡಗಳ ಮಾತೇ ಬೇರೆ. ಮೊದಲ ಮೂರು ವರ್ಷ ಅವು ಹೂ ಬಿಟ್ಟರೆ ಕಿತ್ತುಹಾಕಿ. ಅಯ್ಯೋ, ಹೂ ಕೀಳುವುದೇ ಅಂತ ಅಜ್ಜಿ ಬೈದಾರು. ಆದರೆ ಎಳೆಯ ಗಿಡ ಕಾಯಿ ಹೊತ್ತರೆ ಬೆಳವಣಿಗೆ ಕುಗ್ಗುತ್ತದೆ. ಅವಕ್ಕೆ ನೀರು ತಪ್ಪಿಸಬೇಡಿ. ಬುಡಕ್ಕೆ ಒಣಹುಲ್ಲು, ತರಗು ಹೊದಿಸಿ. ನೆಲದ ತೇವ ಉಳಿಯುತ್ತದೆ. ಗೆದ್ದಲು ಬರದಂತೆ ಹೊದಿಕೆಯನ್ನು ಕಾಂಡದಿಂದ ಒಂದು ಗೇಣು ದೂರವಿಡಿ.

ನಾಳೆ ಬೆಳಿಗ್ಗೆ ತೋಪಿಗೆ ಹೋಗಿ, ಒಂದೊಂದು ಮರದಲ್ಲೂ ಒಂದು ಗೊಂಚಲು ಅಲುಗಿಸಿ ನೋಡಿ.