ಎಂ.ಎಸ್. ರೋಗಿಯ ಕಸುವನ್ನು ಅಳೆಯುವುದು ಏಕೆ?



ಮಲ್ಟಿಪಲ್ ಸ್ಕ್ಲೀರೋಸಿಸ್, ಅಂದರೆ ಎಂ.ಎಸ್. ಕಾಯಿಲೆಯಲ್ಲಿ ಮೆದುಳು ಹಾಗೂ ಬೆನ್ನುಹುರಿಯ ನರತಂತುಗಳ ಹೊದಿಕೆ ಹಾಳಾಗುತ್ತದೆ. ಅದರಿಂದಾದ ನ್ಯೂನತೆಯನ್ನು ವೈದ್ಯರು 0ಯಿಂದ 10ರವರೆಗಿನ ಇ.ಡಿ.ಎಸ್.ಎಸ್. ಅಳತೆಯಲ್ಲಿ ಗುರುತಿಸುತ್ತಾರೆ. ಇದನ್ನು 1983ರಲ್ಲಿ ಕರ್ಟ್ಸ್‌ಕೆ ಎಂಬ ನರತಜ್ಞರು ಪ್ರಕಟಿಸಿದರು. 4ರಿಂದ ಮೇಲಕ್ಕೆ ಅದು ಮುಖ್ಯವಾಗಿ ನಡಿಗೆಯನ್ನೇ ನೋಡುತ್ತದೆ. ದೇಹದ ಒಟ್ಟು ಕಸುವು ಎಷ್ಟು ಉಳಿದಿದೆ ಎಂಬುದು ಅದರಿಂದ ತಿಳಿಯದು.

ಸಣ್ಣ ಜ್ವರ ಬಂದರೆ ಒಬ್ಬರು ನಾಲ್ಕು ದಿನದಲ್ಲಿ ಏಳುತ್ತಾರೆ. ಇನ್ನೊಬ್ಬರು ತಿಂಗಳಾದರೂ ಚೇತರಿಸಿಕೊಳ್ಳುವುದಿಲ್ಲ. ಹೀಗೆ ತಡೆದುಕೊಳ್ಳುವ ಶಕ್ತಿ ಕುಂದುವುದನ್ನು ವೈದ್ಯರು ‘ಫ್ರೇಲ್ಟಿ’ ಎನ್ನುತ್ತಾರೆ. ಎಂ.ಎಸ್. ಇರುವವರಲ್ಲಿ ಇದು ಮುಪ್ಪಿಗೆ ಮುಂಚೆಯೇ ಬರಬಹುದು.

ಇದನ್ನು ಅಳೆಯುವ ಎರಡು ಕ್ರಮಗಳು 2001ರಲ್ಲಿ ಪ್ರಕಟವಾದವು. ಅಮೆರಿಕದ ಲಿಂಡಾ ಫ್ರೈಡ್ ಮತ್ತು ಸಂಗಡಿಗರದು ಐದು ಲಕ್ಷಣಗಳ ಕ್ರಮ: ತಾನಾಗಿಯೇ ತೂಕ ಇಳಿಯುವುದು, ದಣಿವು, ಕೈಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಮೂರು ಅಥವಾ ಹೆಚ್ಚು ಲಕ್ಷಣಗಳಿದ್ದರೆ ಕಸುವು ಕುಂದಿದೆ ಎಂದರ್ಥ.

ಇಲ್ಲೊಂದು ತೊಡಕಿದೆ. ದಣಿವು, ನಿಧಾನ ನಡಿಗೆ ಎಂ.ಎಸ್.ನಿಂದಲೇ ಬರಬಹುದು. ಆದ್ದರಿಂದ ಕೆನಡಾದ ಮಿಟ್ನಿಟ್ಸ್ಕಿ, ರಾಕ್‌ವುಡ್ ಅವರ ಕ್ರಮವೂ ನೆರವಾಗುತ್ತದೆ. ಇದರಲ್ಲಿ ಸಕ್ಕರೆ ಕಾಯಿಲೆ, ಕಿವಿ ಮಂದವಾಗುವುದು, ಮನಸ್ಸು ಕುಗ್ಗುವುದು, ಸ್ನಾನಕ್ಕೆ ನೆರವು ಬೇಕಾಗುವುದು ಹೀಗೆ 30 ಅಥವಾ ಹೆಚ್ಚು ಅಂಶಗಳನ್ನು ಪಟ್ಟಿ ಮಾಡುತ್ತಾರೆ. 40ರಲ್ಲಿ 10 ತೊಂದರೆಗಳಿದ್ದರೆ ಅಂಕ 0.25. ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚಾದರೆ ಎಚ್ಚರಿಕೆ ಬೇಕು.

ಅಂಕ ಕಂಡು ಹೆದರಬೇಡಿ. ಹಾಳಾದ ನರವನ್ನು ಪೂರ್ತಿ ಸರಿಪಡಿಸುವ ಔಷಧಿ ಇಂದಿಗೂ ಇಲ್ಲ. ಆದರೆ ಕುಂದಿದ ಕಸುವನ್ನು ಎಷ್ಟೋ ಮಟ್ಟಿಗೆ ಮರಳಿ ಪಡೆಯಬಹುದು. ‘ಎಲ್ಲಾ ಎಂ.ಎಸ್.ನಿಂದಲೇ’ ಎಂದು ಸುಮ್ಮನಾದರೆ ರಕ್ತಹೀನತೆ, ಥೈರಾಯ್ಡ್, ಮನೋಖಿನ್ನತೆಯಂಥ ವಾಸಿಯಾಗುವ ತೊಂದರೆಗಳು ಮರೆಯಲ್ಲೇ ಉಳಿಯುತ್ತವೆ.

ಮನೆಯವರಲ್ಲಿ ಒಂದು ವಿನಂತಿ. ‘ಪಾಪ, ಮಲಗಿರಲಿ ಬಿಡಿ’ ಎಂದು ಪ್ರೀತಿಯಿಂದಲೇ ಹೇಳುತ್ತೀರಿ. ಆದರೆ ಸದಾ ಮಲಗಿದರೆ ಸ್ನಾಯು ಸೊರಗುತ್ತದೆ. ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮವನ್ನು ಬೆಳಗಿನ ತಂಪಿನಲ್ಲಿ ಮಾಡಿಸಿ. ಬಿಸಿಲಿನ ಝಳಕ್ಕೆ ಎಂ.ಎಸ್. ಲಕ್ಷಣಗಳು ತಾತ್ಕಾಲಿಕವಾಗಿ ಹೆಚ್ಚಾಗುತ್ತವೆ. ಬೇಳೆ, ಕಾಳು, ಹಾಲು ಊಟದಲ್ಲಿರಲಿ. ತಿಂಗಳಿಗೊಮ್ಮೆ ತೂಕ ಬರೆದಿಡಿ. ಬಿದ್ದದ್ದಿದ್ದರೆ ವೈದ್ಯರಿಗೆ ಮುಚ್ಚಿಡಬೇಡಿ.

ಕೈಹಿಡಿದು ನಡೆಸಿ, ಎತ್ತಿಕೊಂಡೇ ಹೋಗಬೇಡಿ. ತಾವೇ ಮಾಡಬಲ್ಲ ಕೆಲಸವನ್ನು ಅವರಿಗೇ ಬಿಡಿ.